ಎದುರು ಕುರ್ಚಿ

"ಮಗು ಹೆತ್ತವರದು, ನೋಡ್ಕೊಳ್ಳೋದು ಕಂಪನಿಯವರು ಯಾಕ್ರೀ? ನಾಳೆ ಅವರ ಅತ್ತೆಗೂ ಕಂಪನಿಯವರೇ ಬಂದು ಮಾತ್ರೆ ನುಂಗಿಸಬೇಕಾ?"

ಅವಳ ಕಿವಿ ಕೆಂಪಾಯಿತು! ಕಾನೂನು ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿ ಇನ್ನೂ ವಾರವಾಗಿರಲಿಲ್ಲ. ಕೆಲಸದ ಜಾಗಗಳಲ್ಲಿ ಶಿಶುವಿಹಾರ ಕಡ್ಡಾಯ ಮಾಡಬೇಕೆಂದು ಸಂಜೆ ಟೀವಿಯಲ್ಲಿ ಮಾತಾಡಬೇಕಿತ್ತು. ಅಷ್ಟರಲ್ಲಿ ಸ್ಟಾಫ್ ರೂಮಿನ ಕುಂಟು ಕುರ್ಚಿಯಲ್ಲಿ ಕೂತ ಈ ಕನ್ನಡಕದ ಮನುಷ್ಯ, ಅವಳು ಬಾಯಿ ಬಿಟ್ಟಾಗಲೆಲ್ಲ ಕೊಕ್ಕೆ ಹಾಕುತ್ತಿದ್ದ.

"ನಿಮಗೆ ಕರುಳು ಅನ್ನೋದು ಇದೆಯೇನ್ರೀ? ಏಳಿ ಇಲ್ಲಿಂದ!"

ಅವನು ತಟ್ಟನೆ ಎದ್ದು ನಿಂತ. ಮುಖದ ತುಂಬ ನಗು!

"ಇದೆ ಮೇಡಂ. ಈಗ ಎದ್ದಿದ್ದೀನಲ್ಲ, ನನ್ನ ಸ್ವಂತ ಅಭಿಪ್ರಾಯ ಕೇಳಿ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಸಿಟ್ಟು ಬಂತು ನೋಡಿ, ಎರಡನೇ ಪಾಯಿಂಟು ಮರೆತುಬಿಟ್ರಿ."

ಪಾಪ, ಅವಳಿಗೆ ಆ ಕಾಲೇಜಿನ ಪದ್ಧತಿ ಗೊತ್ತಿರಲಿಲ್ಲ. ಟೀವಿ, ರೇಡಿಯೋ, ಪತ್ರಿಕೆ ಎಂದು ಮಾತಾಡಲು ಹೊರಟವರ ಮುಂದೆ ಸಹೋದ್ಯೋಗಿಯೊಬ್ಬರು ಆ ಕುರ್ಚಿಯಲ್ಲಿ ಕೂತು ಎದುರು ವಾದ ಮಾಡಬೇಕು. ಹೊರಟವರು "ಏಳಿ" ಅನ್ನುವವರೆಗೆ ಅವರು ತಮ್ಮ ಮನಸ್ಸಿನ ಮಾತು ಆಡುವಂತಿಲ್ಲ. ಪ್ರಿನ್ಸಿಪಾಲ್ ಮೇಡಂ ಮಾಡಿದ ನಿಯಮ. ಅವರದೇ ಇನ್ನೊಂದು ನಿಯಮವೂ ಇತ್ತು.

"ಮಾತಾಡೋ ವಿಷಯದಲ್ಲಿ ನಿಮ್ಮ ಸ್ವಂತ ಲಾಭ ನಷ್ಟ ಇದ್ರೆ ಮೊದಲೇ ಹೇಳ್ಬಿಡಿ. ಮುಚ್ಚಿಟ್ಟರೆ ಸೆರಗಲ್ಲಿ ಕೆಂಡ ಕಟ್ಟಿಕೊಂಡ ಹಾಗೆ."

ಆಮೇಲೆ ಒಂದು ವರ್ಷ! ಅವಳು ಬಸ್ ದರದ ಬಗ್ಗೆ ಮಾತಾಡಲಿ, ಬಾಡಿಗೆ ಕಾಯ್ದೆಯ ಬಗ್ಗೆ ಮಾತಾಡಲಿ, ಕುಂಟು ಕುರ್ಚಿಯಲ್ಲಿ ಅವನೇ. ವಿದ್ಯಾರ್ಥಿಗಳು ಅವನಿಗೆ 'ತಕರಾರು ಮೇಷ್ಟ್ರು' ಎಂದೂ ಅವಳಿಗೆ 'ಪಟಾಕಿ ಮೇಡಂ' ಎಂದೂ ಹೆಸರಿಟ್ಟಿದ್ದರು. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಅವನಿಂದ ಒಂದು ಸಾಲಿನ ಮೆಸೇಜು ಬರುತ್ತಿತ್ತು. 'ಇವತ್ತು ಎರಡನೇ ಪಾಯಿಂಟು ಮರೀಲಿಲ್ಲ!'

ಚಾನೆಲ್ಲಿನವರ ಹೊಗಳಿಕೆಗಿಂತ ಆ ಒಂದು ಸಾಲಿಗೆ ಅವಳು ಕಾಯತೊಡಗಿದ್ದು ಯಾವಾಗಿನಿಂದ? ಅದು ಅವಳಿಗೇ ತಿಳಿಯದು. ಅವಳ ಅಮ್ಮನಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು.

"ಫೋನ್ ನೋಡ್ಕೊಂಡು ನಗ್ತೀಯಲ್ಲೇ... ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ?"

"ಸುಮ್ನಿರಮ್ಮಾ!"

ಹೀಗಿರುವಾಗ ಸರ್ಕಾರ ಹೊಸ ನಿಯಮವೊಂದರ ಕರಡು ಹೊರಡಿಸಿತು. ಗಂಡ ಹೆಂಡತಿ ಒಂದೇ ಕಾಲೇಜಿನಲ್ಲಿ ಕೆಲಸ ಮಾಡುವಂತಿಲ್ಲ, ಒಬ್ಬರಿಗೆ ಬೇರೆ ಊರಿಗೆ ವರ್ಗ! ಚಾನೆಲ್ಲಿನಿಂದ ಅವಳಿಗೇ ಕರೆ ಬಂತು. ಅವನು ಎಂದಿನಂತೆ ಎದುರು ಕೂತ.

"ಇಬ್ಬರೂ ಒಂದೇ ಕಡೆ ಇದ್ರೆ ಪಕ್ಷಪಾತ ಆಗೇ ಆಗುತ್ತೆ, ಮೇಡಂ."

"ಪಕ್ಷಪಾತ ತಡೆಯೋಕೆ ಸಂಸಾರ ಒಡೀಬೇಕಾ? ಜೊತೆಗೆ ಕೆಲಸ ಮಾಡ್ತಾ ಮಾಡ್ತಾ ಮನಸ್ಸು ಕೂಡಿದವರು ಏನ್ ಮಾಡ್ಬೇಕು?"

ಅವನು ಕನ್ನಡಕ ತೆಗೆದು ಒರೆಸಿದ. ತಲೆ ಎತ್ತದೆಯೇ ಹೇಳಿದ.

"ದಿನಾ ಒಂದೇ ರೂಮಲ್ಲಿ ಕೂತ್ರೆ ಯಾರ ಮೇಲಾದ್ರೂ ಮನಸ್ಸಾಗುತ್ತೆ. ಅದು ಬರೀ ರೂಢಿ. ರೂಮು ಬದಲಾದ್ರೆ ಮರೆತುಹೋಗುತ್ತೆ."

ಅವಳು ಅವನನ್ನೇ ನೋಡಿದಳು.

ಇದು ಕುರ್ಚಿಯ ಮಾತೋ, ಅವನದೇ ಮಾತೋ? ಕುರ್ಚಿಯ ಮಾತಾದರೆ ಯಾಕೆ ನನ್ನ ಮುಖ ನೋಡಲಿಲ್ಲ...?

ಹೊರಗೆ ಚಾನೆಲ್ಲಿನ ಕಾರು ಹಾರ್ನ್ ಹೊಡೆಯಿತು. ಅವಳು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು.

"ಮೇಡಂ... ಏಳಿ ಅನ್ನಲಿಲ್ಲ ನೀವು..."

ಆ ಮಾತು ಅವಳನ್ನು ಮುಟ್ಟಲೇ ಇಲ್ಲ. ಆಗಲೇ ಮೆಟ್ಟಿಲಿಳಿದಾಗಿತ್ತು.

ಸ್ಟುಡಿಯೋದಲ್ಲಿ ಮೇಕಪ್ಪಿನಾಕೆ ಗದರಿದಳು. "ಕಣ್ಣು ಒರೆಸ್ಕೋಬೇಡಿ ಅಕ್ಕಾ, ಪೌಡರೆಲ್ಲ ಹೋಗುತ್ತೆ. ಯಾರವನು?"

"ಯಾರೂ ಇಲ್ಲ."

ನೇರಪ್ರಸಾರದ ಕೆಂಪು ದೀಪ ಹೊತ್ತಿಕೊಂಡಿತು. ನಿರೂಪಕ ನಗುತ್ತ ಶುರುಮಾಡಿದ. "ಮೇಡಂ, ನಿಮ್ಮ ಯಜಮಾನರು ನಿಮ್ಮದೇ ಕಾಲೇಜಲ್ಲಿ ಇಲ್ಲ ತಾನೇ? ಅಂದ್ರೆ ಈ ವಿಷಯದಲ್ಲಿ ನಿಮಗೆ ಸ್ವಂತ ಲಾಭ ನಷ್ಟ ಏನೂ ಇಲ್ಲ?"

ಇಲ್ಲ ಅಂದರೆ ಮುಗಿಯಿತು. ಕಾನೂನಿನ ಪ್ರಕಾರ ಅದು ಸುಳ್ಳೂ ಆಗದು. ಇನ್ನೂ ಮದುವೆಯೇ ಆಗಿಲ್ಲವಲ್ಲ! ಇದೆ ಅಂದರೆ? ನಾಳೆ ಯಾವ ಮುಖ ಹೊತ್ತು ತರಗತಿಗೆ ಹೋಗುವುದು? ಅವನಿಗೆ ಇದು ಬರೀ ರೂಢಿಯಾಗಿದ್ದರೆ ಅದೇ ಸ್ಟಾಫ್ ರೂಮಿನಲ್ಲಿ ಅವನೆದುರು ಹೇಗೆ ಕೂರುವುದು? ಸೆರಗಿನ ಕೆಂಡ ಸುಡತೊಡಗಿತ್ತು.

"ಇದೆ," ಎಂದಳು.

ನಿರೂಪಕನ ನಗು ಅರ್ಧಕ್ಕೇ ನಿಂತಿತು.

"ನನಗೆ ಮದುವೆ ಆಗಿಲ್ಲ. ಆದ್ರೆ ನಮ್ಮ ಕಾಲೇಜಲ್ಲೇ ಒಬ್ಬರು ನನಗೆ ಇಷ್ಟ. ಅವರಿಗೆ ಗೊತ್ತಿಲ್ಲ. ಇದನ್ನ ತಲೇಲಿಟ್ಟುಕೊಂಡೇ ನನ್ನ ಮಾತು ತೂಗಿ ನೋಡಿ. ಸಂಬಂಧ ಇದ್ದವರು ಬಾಯಿಬಿಟ್ಟು ಹೇಳಲಿ, ಒಬ್ಬರ ಬಡ್ತಿಗೆ ಇನ್ನೊಬ್ಬರು ಸಹಿ ಹಾಕೋದು ಬೇಡ. ಅಷ್ಟು ಸಾಕು. ಅದಕ್ಕೋಸ್ಕರ ಯಾರನ್ನೂ ಊರು ಬಿಡಿಸಬೇಡಿ."

ಅಂದು ಅವಳು ಒಂದು ಪಾಯಿಂಟನ್ನೂ ಮರೆಯಲಿಲ್ಲ!

ಹೊರಗೆ ಬಂದು ಫೋನ್ ನೋಡಿದಳು. ಅವನ ಮೆಸೇಜಿಲ್ಲ... ಅಮ್ಮನ ಕರೆ ಮಾತ್ರ.

"ಲೇ, ಊರಿಗೆಲ್ಲ ಹೇಳಿದೆಯಲ್ಲೇ! ಆ ತಕರಾರಿನವನೇ ತಾನೇ?"

"ಅಮ್ಮಾ... ಅವರಿಂದ ಒಂದು ಮೆಸೇಜೂ ಇಲ್ಲಮ್ಮ."

"ಬಾಯಿಗೆ ಬೀಗ ಬಿದ್ದಿರುತ್ತೆ ಪಾಪ. ಹೋಗಿ ನೋಡು!"

ಚಾನೆಲ್ಲಿನ ಕಾರು ಅವಳನ್ನು ಕಾಲೇಜಿಗೇ ತಂದು ಬಿಟ್ಟಿತು. ಕಾರಿಡಾರು ಖಾಲಿಯಾಗಿತ್ತು. ಸ್ಟಾಫ್ ರೂಮಿನಲ್ಲಿ ದೀಪ ಉರಿಯುತ್ತಿತ್ತು, ಮೂಲೆಯ ಟೀವಿಯಲ್ಲಿ ಜಾಹೀರಾತು ಓಡುತ್ತಿತ್ತು. ಕುಂಟು ಕುರ್ಚಿಯಲ್ಲಿ ಅವನು, ಅವಳು ಬಿಟ್ಟುಹೋದಲ್ಲೇ ಕೂತಿದ್ದ.

"ಇನ್ನೂ ಮನೆಗೆ ಹೋಗಿಲ್ವಾ?"

"ನೀವು ಏಳಿ ಅನ್ನಲೇ ಇಲ್ವಲ್ಲ! ಎದ್ದು ಹೋದ್ರೆ ಆ ಹಾಳು ಮಾತು ನನ್ನದೇ ಅಂದ್ಕೋತೀರಿ. ಮೆಸೇಜ್ ಮಾಡೋಣ ಅಂದ್ರೆ ನಿಯಮ ಮುರಿದ ಹಾಗೆ. ಸಾಯಂಕಾಲದಿಂದ ಒದ್ದಾಡ್ತಾ ಇದ್ದೀನಿ, ಮೇಡಂ."

ಅವಳಿಗೆ ನಗು ಉಕ್ಕಿ ಬಂತು. ಆದರೂ ಬಿಡಲಿಲ್ಲ, ಪಟಾಕಿಯಲ್ಲವೇ!

"ಕೂತಲ್ಲೇ ಒಂದು ವಾದ ಮಾಡಿ. ನನ್ನನ್ನ ಯಾಕೆ ಬೇಡ ಅನ್ನಬೇಕು?"

ಅವನು ಚಾವಣಿ ನೋಡಿದ.

"ಎದುರು ಪಕ್ಷದ ಹತ್ರ ಒಂದೂ ಪಾಯಿಂಟಿಲ್ಲ..."

"ಹಾಗಿದ್ರೆ ಏಳಿ."

ಅವನು ಎದ್ದ. ಕುರ್ಚಿ ಹಿಂದಕ್ಕೆ ವಾಲಿ ದಡಾರನೆ ಬಿತ್ತು. ಇಬ್ಬರೂ ಅತ್ತ ನೋಡಲಿಲ್ಲ.

"ಬೇಸಿಗೆ ರಜೇಲಿ ಈ ರೂಮಿಗೆ ಬೀಗ ಹಾಕಿತ್ತು. ರೂಢಿ ಆಗಿದ್ರೆ ಮರೀಬೇಕಿತ್ತು ತಾನೇ? ದಿನಾ ಇಲ್ಲೀವರೆಗೂ ಬಂದು ಬೀಗ ನೋಡ್ಕೊಂಡು ಹೋಗ್ತಿದ್ದೆ, ಹುಚ್ಚನ ಥರ. ನನಗೆ ನೀವು ಇಷ್ಟ. ಬೇಕಾದ್ರೆ ನಾನೇ ವರ್ಗ ತಗೊಂಡು ಹೋಗ್ತೀನಿ."

"ಎಲ್ಲಿಗೂ ಹೋಗಬೇಡಿ!" ಅವಳ ಕಣ್ಣು ತುಂಬಿ ಬಂತು. ಈ ಸಲ ಪೌಡರಿನ ಚಿಂತೆ ಇರಲಿಲ್ಲ. "ತಕರಾರೇನಾದ್ರೂ ಇದೆಯಾ?"

"ಒಂದೇ ಒಂದು. ಊರಿಗೆಲ್ಲ ಹೇಳಿ ಕೊನೆಗೆ ನನಗೆ ಹೇಳಿದ್ರಿ."

"ಸರಿ, ಮುಂದಿನದು ನಿಮಗೇ ಮೊದಲು. ನಾಳೆ ನಮ್ಮಮ್ಮನ ಮುಂದೆ ನೀವು ಮಾತಾಡ್ಬೇಕು. ತಯಾರಿ ಇದೆಯಾ?"

ಅವನ ಮುಖ ಬಿಳುಚಿತು. "ಇಲ್ಲ!"

ಅವಳು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಗತ್ತಿನಿಂದ ಕೂತಳು. ದನಿಯನ್ನು ಥೇಟ್ ಅಮ್ಮನಂತೆ ಮಾಡಿಕೊಂಡಳು.

"ಏನಪ್ಪಾ, ಮುದ್ದಾಗಿ ಸಾಕಿದ ಮಗಳನ್ನ ನಿನ್ನಂಥ ತಕರಾರಿನವನಿಗೆ ಯಾಕೆ ಕೊಡಬೇಕು?"

ಅವನು ಕೈಕಟ್ಟಿ ನಿಂತು, ಮೆಲ್ಲಗೆ ಹೇಳಿದ. "ನೀವು ಕೊಡೋದು ಬೇಡಮ್ಮ. ಅವರನ್ನೇ ಒಂದು ಮಾತು ಕೇಳಿ."

ಅವಳು ತಟ್ಟನೆ ಎದ್ದು ನಿಂತಳು. ಎದ್ದು ಹೇಳಿದರೆ ಅದು ಸ್ವಂತ ಅಭಿಪ್ರಾಯ ಎಂಬುದು ಅವರಿಬ್ಬರಿಗೂ ಗೊತ್ತಿತ್ತು.

"ಒಪ್ಪಿದ್ದೀನಿ," ಎಂದಳು.