ಗಾಳಿ ಸಾಲವಲ್ದು

ಬಳ್ಳಾರಿಯ ಬಿಸಿಲಿನಲ್ಲಿ ಯಾರಾದರೂ ‘ಗಾಳಿ ಸಾಲವಲ್ದು’ ಅಂದರೆ ನಮ್ಮ ಕೈ ತಾನಾಗಿ ಫ್ಯಾನಿನ ಸ್ವಿಚ್ಚಿಗೆ ಹೋಗುತ್ತದೆ. ನನ್ನ ಕೈಯೂ ಹಾಗೇ ಹೋಯಿತು.

ನನ್ನ ಯಜಮಾನರು ವಿಶ್ವಪ್ರಿಯ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಅವರಿಗೆ. ಮೂಗಿಗೆ ಮಾಸ್ಕ್ ಕಟ್ಟಿ, ಗಾಳಿ ಒತ್ತುವ ಮಶಿನ್ ಹಚ್ಚಿಕೊಂಡೇ ಮಲಗುತ್ತಿದ್ದರು. ಈ ಬೇಸಿಗೆಯಲ್ಲಿ ನಿಂತಿದ್ದ ಗೊರಕೆ ಮರಳಿತು. ತಟ್ಟೆಯ ಮುಂದೆಯೇ ತೂಕಡಿಸತೊಡಗಿದರು. ಮಶಿನ್ನಿನ ಒತ್ತಡ ಹೆಚ್ಚಿಸಬೇಕೇನೋ, ಡಾಕ್ಟರಿಗೆ ತೋರಿಸೋಣ ಅಂದರು. ಸಿರುಗುಪ್ಪದಲ್ಲಿ ನೆಂಟರ ಮದುವೆ ಇದೆ, ಅದು ಮುಗಿಯಲಿ ಅಂದೆ ನಾನು.

ಒಂದು ಮಧ್ಯಾಹ್ನ ಮಲಗಿದವರು ಮಾಸ್ಕಿನೊಳಗಿಂದಲೇ, “ಸಂಪೂ, ಗಾಳಿ ಸಾಲವಲ್ದು” ಅಂದರು. ಸಂಪದಾ ಎಂಬ ನನ್ನನ್ನು ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ಫ್ಯಾನು ಜೋರು ಮಾಡಿ ಅಡುಗೆಮನೆಗೆ ಹೋದೆ. ಚಹಾ ತಂದು ಎಬ್ಬಿಸಿದರೆ ಏಳಲಿಲ್ಲ.

ಅವರು ಹೋದಮೇಲೆ, ವೈರು ಕಿತ್ತಿಟ್ಟ ಮಶಿನ್ನಿನ ಮಾಸ್ಕು ಮಧ್ಯಾಹ್ನವಾದರೆ ಒಳಗೆ ಬೆವೆತಿರುತ್ತಿತ್ತು. ಒರೆಸಿದರೆ ಕೈಗೆ ಉಸಿರಿನ ಬಿಸಿ ತಾಕುತ್ತಿತ್ತು. ತಡೆಯಲಾರದೆ ಮಾಸ್ಕನ್ನು ಎಸೆದು, ಮಶಿನ್ನನ್ನು ಅದೇ ಕಾಯಿಲೆಯ ಕುರುಗೋಡಿನ ಅಂಜಿನಪ್ಪ ಎಂಬುವರಿಗೆ ಕೊಟ್ಟುಬಿಟ್ಟೆ. “ಮೊದಲು ಡಾಕ್ಟರ ಕಡೆ ಒತ್ತಡ ಸರಿ ಮಾಡಿಸಿಕೊಳ್ರಿ, ತಡ ಮಾಡಬ್ಯಾಡ್ರಿ” ಎಂದು ಕೈಮುಗಿದು ಹೇಳಿದೆ. ಮಾಡಿಸಿಕೊಂಡರು.

ಮೊನ್ನೆ ಅವರ ಹೆಂಡತಿ ವಿರೂಪಮ್ಮ ಫೋನ್ ಮಾಡಿದ್ದರು.

“ಅಕ್ಕಾರ, ಗೊರಕಿ ನಿಂತೈತ್ರಿ, ಚಲೋ ನಿದ್ದಿ ಬರ್ತೈತಿ. ಆದ್ರ ಮಧ್ಯಾಹ್ನ ಮಲಗಿದಾಗ ಬ್ಯಾರೆ ದನಿಯಾಗ ‘ಗಾಳಿ ಸಾಲವಲ್ದು’ ಅಂತಾರ. ಎದ್ದ ಮ್ಯಾಲ ಕೇಳಿದ್ರ ನೆನಪಿರಂಗಿಲ್ಲ. ಫ್ಯಾನು ಜೋರು ಮಾಡಿದ್ರೂ ಬಿಡವಲ್ರು.”

ಆಮೇಲೆ ದನಿ ತಗ್ಗಿಸಿ ಕೇಳಿದರು: “ಸಂಪೂ ಅಂದ್ರ ಯಾರ್ರಿ?”