ಹಳದಿ ಇಟ್ಟಿಗೆಯ ಪೊಕ್ಲೇನು

ಹೆಂಗಸೊಬ್ಬಳು ಬಂದು ಪೊಕ್ಲೇನಿನ ಬಕೆಟ್ಟಿನ ಎದುರಿಗೆ ನಿಂತಳು ಅಂದರೆ ಬೆಟ್ಟಸ್ವಾಮಿಗೆ ಮೈಯೆಲ್ಲ ಭಾರವಾಗುತ್ತಿತ್ತು.

ಟಿ. ನರಸೀಪುರದ ಆಚೆ ಕಬಿನಿ ನಾಲೆ ತೋಡುವ ಕೆಲಸಕ್ಕೆ ಬಂದಾಗಿನಿಂದ ಅವನು ಮಣ್ಣಿಗಿಂತ ಹೆಚ್ಚಾಗಿ ನೋಡಿದ್ದು ಅಳುವ ಮುಖಗಳನ್ನೇ. ನಮ್ಮ ತೆಂಗಿನ ಮರ ಬಿಡು ಅನ್ನುವವರು, ನಮ್ಮ ಬಾವಿಗೆ ಕೈ ಹಚ್ಚಬೇಡ ಅನ್ನುವವರು. ಅವನೋ ಗುತ್ತಿಗೆದಾರರ ಪೊಕ್ಲೇನು, ಅಂದರೆ ಮಣ್ಣು ಅಗೆಯುವ ಮಿಷೀನು, ಓಡಿಸುವವನು. ಸುಣ್ಣದ ಗೆರೆ ಎಲ್ಲಿದೆಯೋ ಅಲ್ಲಿ ಅಗೆಯುವುದಷ್ಟೇ ಅವನ ಪಾಲಿಗೆ ಬಂದ ಕೆಲಸ. ಬೈಗುಳ ಮಾತ್ರ ಎಲ್ಲರ ಪಾಲಿನದೂ ಅವನಿಗೇ.

ಹಾಗಾಗಿ ಆ ಮಧ್ಯಾಹ್ನ, ನೀಲಿ ವಾಯಿಲ್ ಸೀರೆಯುಟ್ಟ ಹೆಂಗಸು ಏರಿ ಹತ್ತಿ ಬಂದು ನಿಂತಾಗ, ಅವನು ಎಂಜಿನ್ ಆರಿಸಿ, ಅವಳು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟ.

"ನಂಗೇನೂ ಗೊತ್ತಿಲ್ಲ ಕಣವ್ವಾ. ಆಪೀಸ್‌ಗೋಗಿ ಇಂಜಿನಿಯರ್ ಸಾಯೇಬ್ರನ್ನ ಕೇಳಿ. ನನ್ ಮುಂದೆ ಅಳ್ಬೇಡಿ."

"ನಾನ್ಯಾಕೆ ಅಳ್ಲಿ?" ಅಂದಳು ಅವಳು.

ಅವಳು ವೈರ್ ಬ್ಯಾಗಿಗೆ ಕೈಹಾಕಿ, ಅಂಗೈಯಗಲದ ಹಳದಿ ವಸ್ತುವೊಂದನ್ನು ತೆಗೆದು ಮೇಲೆತ್ತಿ ಹಿಡಿದಳು. ಮಕ್ಕಳು ಒಂದರ ಮೇಲೊಂದು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಮಾಡಿದ್ದು. ಮುಂದೆ ಸೊಂಡಿಲಿನಂಥದೇನೋ ಚಾಚಿಕೊಂಡಿತ್ತು.

"ಇದು ನಿಮ್ಮ ಮಿಷೀನೇ. ಹೀಗೇ ಇದೆಯಾ ಅಂತ ಕೇಳೋಕೆ ಬಂದೆ."

ಬೆಟ್ಟಸ್ವಾಮಿ ಕೆಳಗಿಳಿದು ಬಂದು ನೋಡಿದ. "ಇದಾ? ಇದು ವಟ್ಟೆನೋವು ಬಂದಿರೋ ಒಂಟೆ ಇದ್ದಂಗದೆ."

ಅವಳಿಗೆ ನಗು ಬಂತು. ನಗುವುದಕ್ಕೂ ತ್ರಾಣ ಬೇಕು ಅನ್ನುವ ಹಾಗೆ, ನಿಧಾನವಾಗಿ ಬಂದ ನಗು. ಕಣ್ಣ ಕೆಳಗೆ ಕಪ್ಪಾಗಿತ್ತು. ಆ ಕಪ್ಪಿನ ಮೇಲೆ ನಗು ಹರಡಿದ್ದನ್ನು ಅವನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ.

ಅವಳ ಹೆಸರು ಸರ್ವಮಂಗಳಾ. ನಂಜನಗೂಡಿನಲ್ಲಿ ಬಕೆಟ್ಟು, ಮಗ್ಗು ಮಾಡುವ ಸಣ್ಣದೊಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸ. ಆ ವರ್ಷ, ಅಂದರೆ ಎಂಬತ್ತೈದರಲ್ಲಿ, ಮಾಲೀಕರಾದ ವ್ಯಾಸರಾಜರು ಆಟದ ಇಟ್ಟಿಗೆಗಳನ್ನೂ ಅಚ್ಚುಹಾಕಲು ಶುರುಮಾಡಿದ್ದರು. ಒಂದೇ ಡಬ್ಬಿಯ ಇಟ್ಟಿಗೆಗಳಲ್ಲಿ ಟಿಪ್ಪರ್, ಕ್ರೇನು, ರೋಡ್ ರೋಲರ್, ಪೊಕ್ಲೇನು ಎಲ್ಲ ಕಟ್ಟುವಂತಿರಬೇಕು, ಮಾದರಿ ನೀವೇ ಮಾಡಿ ಅಂತ, ಡ್ರಾಯಿಂಗ್ ಕಲಿತಿದ್ದ ಇವಳಿಗೆ ಒಪ್ಪಿಸಿದ್ದರು. ಮಿಕ್ಕವೆಲ್ಲ ಆಗಿದ್ದವು. ಪೊಕ್ಲೇನು ಮಾತ್ರ ಆಗಿರಲಿಲ್ಲ. ಅವಳು ಅದನ್ನು ಪಟದಲ್ಲಿ ಬಿಟ್ಟರೆ ನೋಡಿಯೇ ಇರಲಿಲ್ಲ.

"ಕೈ ಬಗ್ಗಲ್ಲ ಅಂತಾರೆ ಮಾಲೀಕರು. ಬಗ್ಗಿಸಿದರೆ ಕಿತ್ತುಕೊಂಡು ಬರತ್ತೆ," ಅಂದಳು.

"ಕೈ ಚಾಚಿ," ಅಂದ ಅವನು.

"ಯಾರ ಕೈ?"

"ನಿಮ್ದೇ."

ಅವಳು ಅನುಮಾನದಿಂದಲೇ ಬಲಗೈ ಚಾಚಿದಳು. ಹಸಿರು ಗಾಜಿನ ಬಳೆ ಜಾರಿ ಮೊಣಕೈ ತನಕ ಹೋದವು. ಅವನು ತನ್ನ ಕೈಯನ್ನು ಅವಳ ಕೈಯ ಪಕ್ಕಕ್ಕೆ, ತಾಗದ ಹಾಗೆ ಚಾಚಿ, ಭುಜ ಎತ್ತಿದ, ಮೊಣಕೈ ಮಡಿಸಿದ, ಮಣಿಕಟ್ಟು ಒಳಕ್ಕೆ ತಿರುಗಿಸಿದ. ಅವಳೂ ಹಾಗೇ ಮಾಡಿದಳು. ಇಬ್ಬರ ಕೈಗಳೂ ಗಾಳಿಯಲ್ಲಿ ಒಟ್ಟಿಗೆ ಮಣ್ಣು ಮೊಗೆದವು.

"ಮೂರು ಕೀಲು ಕಣ್ರೀ. ನೀವು ಒಂದೇ ಮಾಡಿದೀರಿ."

"ನಮ್ಮ ಇಟ್ಟಿಗೆ ಮೇಲೆ ಕೆಳಗೆ ಕಚ್ಕೊಳತ್ತೆ, ಪಕ್ಕಕ್ಕೆ ತಿರುಗಲ್ಲ," ಅಂದವಳಿಗೆ ತಟ್ಟನೆ ಏನೋ ಹೊಳೆಯಿತು. ಸೊಂಡಿಲಿನ ಇಟ್ಟಿಗೆ ಬಿಚ್ಚಿ, ಅಡ್ಡಲಾಗಿ ಮಲಗಿಸಿ, ಜಡೆಯಿಂದ ಹೇರ್‌ಪಿನ್ ಎಳೆದು ತೂತಿಗೆ ಪೋಣಿಸಿದಳು. ಸೊಂಡಿಲು ಬಗ್ಗಿತು. ಅವಳು ಮಗುವಿನ ಹಾಗೆ ಅವನ ಕಡೆ ನೋಡಿದಳು. ಒಂದು ಎಳೆ ಕೂದಲು ಬಿಚ್ಚಿ ಕೆನ್ನೆ ಮೇಲೆ ಬಿದ್ದಿದ್ದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

ಅಷ್ಟಾದ ಮೇಲೂ ಆ ಪೊಕ್ಲೇನು ಮುಂದಕ್ಕೆ ಮುಗ್ಗರಿಸಿತು. ಹಿಂಭಾಗಕ್ಕೆ ಭಾರ ಸಾಲದು, ಅದು ಅವನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಆದರೂ ಅವನ ಬಾಯಿಂದ ಬಂದದ್ದು ಬೇರೆ.

"ಅದೇನು ಅಂತ ಯೋಚ್ನೆ ಮಾಡ್ಬೇಕು. ಇನ್ನೊಂದಿನ ಬನ್ನಿ, ಏಳ್ತೀನಿ."

ಯಾಕೆ ಹಾಗಂದನೋ ಅವನಿಗೇ ತಿಳಿಯಲಿಲ್ಲ.

ಮುಂದಿನ ಮಂಗಳವಾರ ಅವಳು ಬಂದಳು. ಕಾರ್ಖಾನೆಗೆ ಆ ದಿನ ರಜೆ. ಹಿಂದಿನ ಭಾರದ ಸಂಗತಿ ಹೇಳಿದ. ಮಿಷೀನಿನ ಮೈ ಸುತ್ತ ತಿರುಗಬೇಕು ಅನ್ನುವುದನ್ನು ಉಳಿಸಿಕೊಂಡ. ಅದರ ಮುಂದಿನ ವಾರ ಅದನ್ನು ಹೇಳಿದ. ಗಾಲಿಯ ಬದಲಿಗಿರುವ ಚೈನಿನ ವಿಷಯ ಉಳಿಸಿಕೊಂಡ. ಕೆಲಸದವರಿಗೆ ಟೀ ಕಾಸಿಕೊಡುವ ಚಿಕ್ಕಬಸಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು.

"ಏನಪ್ಪಾ, ಮಂಗ್ಳಾರ ಬಂದ್ರೆ ಗಡ್ಡ ಕೆರ್‌ಕತೀಯ? ಮಿಕ್ಕಿನ್ ದಿನ ನಾವೇನ್ ಮನುಸ್ರಲ್ವಾ?"

ಹುಣಸೆ ಮರದ ನೆರಳಲ್ಲಿ ಟೀ ಕುಡಿಯುತ್ತ ಅವರು ಮಿಷೀನಿನ ಮಾತು ಮುಗಿಸಿ ಸುಮ್ಮನೆ ಕೂರುತ್ತಿದ್ದರು. ಇಬ್ಬರಿಗೂ ಸಾಕಾಗಿತ್ತು, ಏನು ಸಾಕಾಗಿದೆ ಅಂತ ಕೇಳಿದರೆ ಹೇಳಲು ಆಗುತ್ತಿರಲಿಲ್ಲ. ಅವನು ಹದಿನಾರು ಎಂಬ ಗ್ರಾಮದವನು. ಹೆಂಡತಿ ಮಾದಮ್ಮ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ತಗಡಿನ ಶೆಡ್ಡುಗಳಲ್ಲೇ ನಲವತ್ತು ಮುಟ್ಟಿದ್ದ. ಅವಳಿಗೆ ಮೂವತ್ತಮೂರು. ಅಣ್ಣ ಸಿದ್ದಮಲ್ಲಪ್ಪನ ಮನೆಯಲ್ಲಿದ್ದಳು. ಗಂಡಿನ ಕಡೆಯವರ ಮುಂದೆ ಕಾಫಿ ತಟ್ಟೆ ಹಿಡಿದು ನಿಂತು ನಿಂತು, ಈಗ ತಟ್ಟೆ ನೋಡಿದರೇ ಕೈ ಸೋಲುತ್ತದೆ ಅನ್ನುತ್ತಿದ್ದಳು.

"ಬರೋ ಮಂಗಳವಾರ ಕೊಳ್ಳೇಗಾಲದಿಂದ ಬರ್ತಾರಂತೆ, ನೋಡೋಕೆ," ಅಂದಳು ಒಂದು ದಿನ, ಲೋಟದ ತಳ ನೋಡುತ್ತ. "ಬಟ್ಟೆ ಅಂಗಡಿಯವರು. ಬೆಳೆದ ಮಕ್ಕಳಿದ್ದಾರೆ."

ಬೆಟ್ಟಸ್ವಾಮಿ ಏನೋ ಹೇಳಬೇಕಿತ್ತು. "ಒಳ್ಳೇದಾಗ್ಲಿ ಬುಡಿ," ಅಂದ.

ಅವಳು ತಲೆಯೆತ್ತಿ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬರೀ ಆಯಾಸವಿತ್ತು.

ಆ ಮಂಗಳವಾರ ಅವಳು ಬರಲಿಲ್ಲ. ಟ್ರೈಲರ್ ಲಾರಿ ಬಂತು. ಇಲ್ಲಿಯ ಕೆಲಸ ಮುಗಿಯಿತು, ಮಿಷೀನು ಬಿಜಾಪುರದ ಕಡೆ ಹೋಗಬೇಕು, ಜೊತೆಗೆ ನೀನೂ, ಎಂದರು ಮೇಸ್ತ್ರಿ. ಬೆಟ್ಟಸ್ವಾಮಿ ಪೊಕ್ಲೇನನ್ನು ಟ್ರೈಲರಿಗೆ ಹತ್ತಿಸಿದ. ಸರಪಳಿ ಬಿಗಿಸಿದ. ಆಮೇಲೆ ಹಣೆ ಬೆವರು ಒರೆಸಿಕೊಂಡು, "ನೀವು ಓಗಿ ಸಾ, ನಾನ್ ಬರಕಿಲ್ಲ," ಅಂದ. ಅಷ್ಟು ದಣಿದವನಿಗೆ ಅಷ್ಟು ಸುಲಭವಾಗಿ ಆ ಮಾತು ಬಂದದ್ದು ಅವನಿಗೇ ಸೋಜಿಗ.

ಮರುದಿನ ಬೆಳಗ್ಗೆ ನಂಜನಗೂಡಿನ ಬಸ್ಸು ಹತ್ತಿದ. ಕಾರ್ಖಾನೆ ಹುಡುಕಿಕೊಂಡು ಹೋದರೆ ಬಾಗಿಲಲ್ಲೇ ವ್ಯಾಸರಾಜರು ಸಿಕ್ಕರು. ತಾನು ಯಾರೆಂದು ಹೇಳಿದ.

"ಓಹೋ, ಪೊಕ್ಲೇನಿನವರು ನೀವೇನಾ! ಬನ್ನಿ ಬನ್ನಿ. ಬಹಳ ಉಪಕಾರವಾಯ್ತು."

"ಚೈನಿನ ವಿಸ್ಯ ಒಂದ್ ಬಾಕಿ ಇತ್ತು ಸಾ. ಅದ್ಕೇ ಬಂದೆ."

"ಯಾವ ಚೈನು?" ವ್ಯಾಸರಾಜರು ಹುಬ್ಬೇರಿಸಿದರು. "ಮಾಡೆಲ್ ಪಾಸಾಗಿ ತಿಂಗಳಾಯ್ತಲ್ಲ. ನಿಮ್ಮನ್ನು ಮೊದಲ ಸಲ ನೋಡಿ ಬಂದ ವಾರದಲ್ಲೇ ಸರ್ವಮಂಗಳಾ ಎಲ್ಲ ಸರಿಮಾಡಿ ಮುಗಿಸಿದ್ದರು. ಡಬ್ಬಿಯ ಮೇಲಿನ ಚಿತ್ರವೂ ಅಚ್ಚಿಗೆ ಹೋಗಿದೆ."

ಬೆಟ್ಟಸ್ವಾಮಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಅಷ್ಟರಲ್ಲಿ ಅವಳು ಒಳಗಿನಿಂದ ಬಂದಳು. ಅವನನ್ನೂ ಮಾಲೀಕರನ್ನೂ ನೋಡಿದಳು. ಗುಟ್ಟು ಹೊರಬಿದ್ದಿದೆ ಅಂತ ತಿಳಿದು ಕಿವಿಯ ತುದಿವರೆಗೂ ಕೆಂಪಾದಳು. ಅರ್ಧ ದಿನ ರಜೆ ಕೇಳಿ, ಚಪ್ಪಲಿ ಮೆಟ್ಟಿಕೊಂಡು, ಅವನಿಗಿಂತ ಮುಂದಾಗಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಇಬ್ಬರೂ ಸಿಮೆಂಟು ಬೆಂಚಿನ ಮೇಲೆ ಕೂತರು.

"ಪಾಸಾಗಿತ್ತಂತೆ," ಅಂದ ಅವನು.

"ಹೂಂ."

"ಮತ್ಯಾಕೆ ಆ ಬಿಸ್ಲಲ್ಲಿ ಬತ್ತಿದ್ರಿ?"

"ನೀವ್ಯಾಕೆ ಒಂದೇ ದಿನ ಎಲ್ಲ ಹೇಳಲಿಲ್ಲ?"

ಅವನು ನೆಲ ನೋಡಿದ. "ಎಲ್ಲಾ ಏಳ್ಬುಟ್ರೆ ನೀವು ಬರಾಕಿಲ್ಲ ಅಂತ."

"ಹಿಂದೆ ಭಾರ ಸಾಲದು ಅನ್ನೋದು ಬಸ್ಸಲ್ಲಿ ವಾಪಸು ಬರುವಾಗಲೇ ನನಗೆ ಹೊಳೆದಿತ್ತು," ಅಂದಳು ಅವಳು. "ಆದರೂ ನೀವು ಹೇಳುವಾಗ ಗೊತ್ತಿಲ್ಲದವಳ ಹಾಗೆ ಕಣ್ಣರಳಿಸಿ ಕೇಳಿದೆ. ಚೆನ್ನಾಗಿ ಕೇಳಿದೆ ಅಲ್ವಾ?"

ಅವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಗು ಹಾಗೇ ಸೋತು ನಿಂತಿತು.

"ಕೊಳ್ಳೇಗಾಲ್ದೋರು?"

"ಬಂದರು. ಒಪ್ಪಿದ್ದಾರೆ. ಅಣ್ಣನಿಗೆ ನಾಳೆ ಹೇಳ್ತೀನಿ ಅಂದೆ."

"ನಾಳೆ ಅಂತ ಯಾಕಂದ್ರಿ?"

"ಒಂದು ದಿನ ನೋಡೋಣ ಅಂತ. ಯಾರಾದರೂ ಬಸ್ಸು ಹತ್ತಿ ಬರಬಹುದೇನೋ ಅಂತ." ಅವಳ ಸ್ವರ ತಗ್ಗಿತು. "ಒಳ್ಳೇದಾಗ್ಲಿ ಬಿಡಿ ಅಂದವರು ಬರ್ತಾರೆ ಅನ್ನೋ ನಂಬಿಕೆ ಏನೂ ಇರಲಿಲ್ಲ."

"ತೆಪ್ಪಾಯ್ತು ಕಣ್ರೀ." ಬೆಟ್ಟಸ್ವಾಮಿ ಅವಳ ಕಡೆ ಪೂರ್ತಿ ತಿರುಗಿದ. "ನನ್ನ ಮದ್ವೆ ಆಯ್ತೀರಾ? ಮಿಷೀನ್ ಓಯ್ತು, ನಾನ್ ಓಗ್ಲಿಲ್ಲ. ಪಿಡಬ್ಲ್ಯೂಡಿ ಕೆಲ್ಸುಕ್ಕೆ ರೋಡ್ ರೋಲರ್ ಓಡ್ಸೋರು ಬೇಕಂತೆ, ಈ ಊರಲ್ಲೇ. ಕೇಳ್ಕ ಬತ್ತೀನಿ. ನಿಮ್ ಜನ, ನಮ್ ಜನ ಬ್ಯಾರೆ, ನಂಗೊತ್ತು. ನಿಮ್ಮಣ್ಣ ಒಪ್ಪಾಕಿಲ್ಲ ಅದೂ ಗೊತ್ತು."

"ರೋಡ್ ರೋಲರ್ ಬಹಳ ನಿಧಾನ ಅಲ್ವಾ?"

"ಬಿರ್ನೆ ಓಗಿ ಓಗಿ ನಂಗೂ ಸಾಕಾಗದೆ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನು ಕೆಲಸ ಬಿಡಲ್ಲ. ಹೊಸ ಸೆಟ್ಟಿಗೆ ಇನ್ನೂ ಮಾದರಿ ಮಾಡಬೇಕು," ಅಂದಳು ಕೊನೆಗೆ. "ಅಣ್ಣನಿಗೆ ನಾನೇ ಹೇಳ್ತೀನಿ. ಅವನು ಕೂಗಾಡ್ತಾನೆ, ಅತ್ತಿಗೆ ಅಳ್ತಾರೆ. ಸಂಜೆ ತನಕ ನಡೆಯತ್ತೆ. ನೀವು ಜೊತೆಗೆ ಇರ್ತೀರಾ?"

"ಇರ್ತೀನಿ."

"ಹಾಗಾದರೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಾನು."

ಹಾಗಂದವಳು, ನಡುಮಧ್ಯಾಹ್ನ, ಹೂವಿನವರು, ಹಣ್ಣಿನವರು, ದೇವಸ್ಥಾನಕ್ಕೆ ಬಂದವರು ಓಡಾಡುತ್ತಿದ್ದ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ, ಅವನ ಭುಜಕ್ಕೆ ತಲೆಯಾನಿಸಿದಳು.

"ಜನ ನೋಡ್ತಾವ್ರೆ," ಅಂದ ಅವನು ಪಿಸುಮಾತಿನಲ್ಲಿ.

"ನೋಡಲಿ. ಅಣ್ಣನಿಗೆ ಹೇಳೋ ಕೆಲಸ ಅರ್ಧ ಅವರೇ ಮಾಡ್ತಾರೆ."

ಅವಳ ಉಸಿರು ನಿಧಾನವಾಯಿತು. ನರಸೀಪುರದ ಬಸ್ಸು ಬಂದು ನಿಂತಿತು. ಕಂಡಕ್ಟರು ಇವನ ಕಡೆ ನೋಡಿ, "ನರಸೀಪುರ, ನರಸೀಪುರ, ಬತ್ತೀರೇನ್ರೀ?" ಅಂತ ಕೂಗಿದ. ಬೆಟ್ಟಸ್ವಾಮಿ ಭುಜ ಅಲುಗದಂತೆ, ಬರೀ ತಲೆಯಾಡಿಸಿ ಇಲ್ಲ ಅಂದ.