ಹೆಸರು ಕಳೆದುಕೊಂಡ ನಲವತ್ತು ಸಾವಿರ ಬಾಕ್ಸುಗಳು

ದಿನಾಂಕ 17-11-2025, ಸೋಮವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಇಂಡಿ ಠಾಣೆಯ ಮೆಟ್ಟಿಲು ಹತ್ತಿದವರು ಇಬ್ಬರು. ಒಬ್ಬರು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಮಾಲೀಕ ಶ್ರೀಶೈಲಪ್ಪ, ವಯಸ್ಸು ಅರವತ್ತೆರಡು. ಅವರ ತೋಳು ಹಿಡಿದು ಕರೆತಂದವನು ಅವರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸಿದ್ಧರಾಮ, ವಯಸ್ಸು ಮೂವತ್ತೆಂಟು. ಮಾಲೀಕರು ಕನ್ನಡಕ ಮರೆತು ಬಂದಿದ್ದರಿಂದ ದೂರನ್ನು ಸಿದ್ಧರಾಮನೇ ಬರೆದುಕೊಟ್ಟ. ಅಕ್ಷರ ದುಂಡಗೆ, ಒಂದೂ ಚಿತ್ತುಕಾಟಿಲ್ಲದಂತೆ ಇತ್ತು.

ಕಂಪ್ಯೂಟರಿನಲ್ಲಿದ್ದ ಲೆಕ್ಕವೆಲ್ಲ ಅಳಿಸಿಹೋಗಿದೆ ಎಂಬ ದೂರನ್ನು ಇನ್ಸ್‌ಪೆಕ್ಟರ್ ವಿಜಯಶ್ರೀ ಎರಡು ಸಲ ಓದಿದರು.

"ಕಂಪ್ಯೂಟರಿನಾಗ ಏನಿತ್ರಿ?"

"ಎಲ್ಲಾ ಇತ್ರಿ ಮೇಡಂ," ಎಂದರು ಶ್ರೀಶೈಲಪ್ಪ. "ನಲವತ್ತ ಸಾವಿರ ಬಾಕ್ಸ್ ಅದಾವು. ಒಂದರ ಮ್ಯಾಲೂ ರೈತನ ಹೆಸರಿಲ್ಲ. ಬರೇ ನಂಬರ. ವ್ಯಾಪಾರಿ ರೈತನ ಮಾರಿ ನೋಡಿ ರೇಟ್ ಕಟ್ಟಬಾರದಂತ ಹಂಗ ಮಾಡಿದ್ವಿ. ಯಾವ ನಂಬರ ಯಾರದು ಅಂಬೂದು ಕಂಪ್ಯೂಟರಿಗಷ್ಟ ಗೊತ್ತು."

"ರೈತರ ಕಡೆ ಚೀಟಿ ಇರ್ತಾವಲ್ಲ?"

"ಏಪ್ರಿಲ್‌ದಾಗ ಮಷಿನ್ನಿಂದ ಹರದು ಕೊಟ್ಟಿದ್ದ ಚೀಟಿ. ಅಕ್ಷರ ಅಳಿಸಿ ಬೆಳ್ಳಗಾಗ್ಯಾವ್ರಿ. ಶುಕ್ರವಾರ ಹರಾಜ ಐತಿ. ಅಷ್ಟರಾಗ ಹೆಸರ ಸಿಗಲಿಲ್ಲಂದ್ರ, ಶ್ರೀಶೈಲಪ್ಪ ತಾನ ಅಳಿಸಿ ಮಾಲು ನುಂಗ್ಯಾನಂತಾರ ಮಂದಿ. ನಾ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?"

ಅಳಿಸಿ ಹೋಗಿದ್ದರೂ ಭಯವಿಲ್ಲ, ಪ್ರತಿ ಶನಿವಾರ ಎಲ್ಲದರ ನಕಲನ್ನು ಒಂದು ಡಿಸ್ಕಿಗೆ ಇಳಿಸಿ ತಿಜೋರಿಯಲ್ಲಿ ಇಡುತ್ತೇವೆ ಎಂದು ಸಿದ್ಧರಾಮ ಧೈರ್ಯ ಹೇಳಿದ. ಮಾಲೀಕರು ಅವನ ಮುಖ ನೋಡಿಯೇ ಒಂದು ಲೋಟ ನೀರು ಕುಡಿದರು. ಐಟಿ ಕಾಯ್ದೆಯ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.10ಕ್ಕೆ ಸ್ಥಳ ಪಂಚನಾಮೆ. ಠಾಣೆಯ ಪರವಾಗಿ ಯಂತ್ರ ಪರೀಕ್ಷಿಸಲು ಬಂದವನು ಇಂಡಿಯ ತಂತ್ರಜ್ಞ ಅಫ್ರೋಜ. ಅರ್ಧ ಗಂಟೆಯಲ್ಲಿ ಅವನು ಹೇಳಿದ್ದಿಷ್ಟು: ವೈರಸ್ ಅಲ್ಲ, ಹೊರಗಿನಿಂದ ಯಾರೂ ನುಗ್ಗಿಲ್ಲ. ರವಿವಾರ ಸಂಜೆ 4.12ಕ್ಕೆ ಯಾರೋ ಇದೇ ಕುರ್ಚಿಯಲ್ಲಿ ಕುಳಿತು ಸರ್ವರನ್ನು ಪೂರ್ತಿ ಅಳಿಸಿದ್ದಾರೆ. ಕ್ಯಾಮೆರಾದ ಚಿತ್ರವೂ ಅದರಲ್ಲೇ ಉಳಿಯುತ್ತಿದ್ದುದರಿಂದ ಅದೂ ಹೋಗಿದೆ.

ತಿಜೋರಿ ತೆಗೆದರು. ಡಿಸ್ಕು ಅಲ್ಲೇ ಇತ್ತು. ಅಫ್ರೋಜ ಅದನ್ನು ಜೋಡಿಸಿದ, ಕಾದ, ಮತ್ತೆ ಜೋಡಿಸಿದ.

"ಖಾಲಿ ಐತ್ರಿ. ಇದರಾಗ ಎಂದೂ ಏನೂ ಬರದಿಲ್ಲ."

ಗೇಟಿನ ಹೊರಗೆ ಆಗಲೇ ನೂರು ಮಂದಿ ಸೇರಿದ್ದರು. ಅಗರಖೇಡದ ದಾವಲಬಿ ಬಿಳಿ ಚೀಟಿಯೊಂದನ್ನು ಹಿಡಿದು, "ಮುನ್ನೂರ ಬಾಕ್ಸ್ ನಂದ ಅದಾವು. ನನ್ನ ಹೆಸರ ಎಲ್ಲಿ ಹೋತ್ರಿ?" ಎಂದು ಕೂಗುತ್ತಿದ್ದಳು.

ವಿಜಯಶ್ರೀ ತಿಜೋರಿಯ ಒಳಗೇ ನೋಡುತ್ತಿದ್ದರು. ಕೀಲಿಗೊಂಚಲು, ಕರಾರುಪತ್ರಗಳ ಫೈಲು, ರಬ್ಬರ್ ಮೊಹರು, ಎಲ್ಲದರ ಮೇಲೂ ಅರಿಶಿನ ಕುಂಕುಮ ಒಣಗಿತ್ತು. ಡಿಸ್ಕು ಮಾತ್ರ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು. ಮಾಲೀಕರ ಹೆಂಡತಿ ರುಕ್ಮವ್ವನನ್ನು ಕರೆಸಿದರು.

"ದೀಪಾವಳಿ ಲಕ್ಷ್ಮೀಪೂಜಿ ನೀವ ಮಾಡಿದ್ರೇನು?"

"ನಾನ ಮಾಡೇನ್ರಿ. ತಿಜೋರ್‍ಯಾಗಿನ ಎಲ್ಲಾದಕ್ಕೂ ಹಚ್ಚೇನಿ. ಆ ಡಬ್ಬಿಗೆ ಮೊದಲ ಹಚ್ಚೇನಿ. 'ಇದರಾಗ ಎಲ್ಲಾರ ಹೆಸರ ಐತ್ಯವ್ವಾ, ಇದಕ್ಕ ಮೊದಲ ಹಚ್ಚು' ಅಂತ ನಮ್ಮ ಸಿದ್ಧರಾಮನ ಅಂದಿದ್ದ."

ಅಂದಮೇಲೆ ಇದು ಆ ಡಿಸ್ಕಲ್ಲ, ಯಾರೋ ಬದಲಾಯಿಸಿ ಇಟ್ಟದ್ದು. ಜೀಪಿನಲ್ಲಿ ಹಿಂದಿರುಗುವಾಗ ಹೆಡ್ ಕಾನ್‌ಸ್ಟೇಬಲ್ ಕಾಸಿಂಸಾಬ ನಕ್ಕ. "ನಮ್ಮ ಠಾಣೆ ಪ್ರಿಂಟರಿಗೂ ವರ್ಷಾ ಕಾಯಿ ಒಡಿತೇವ್ರಿ ಮೇಡಂ. ಅದು ನಮಗ ಒಂದ ಸುಳಿವೂ ಕೊಟ್ಟಿಲ್ಲ, ಒಂದ ಹಾಳೀನೂ ಕೊಟ್ಟಿಲ್ಲ." ವಿಜಯಶ್ರೀ ನಗಲಿಲ್ಲ. ಅವರು ಡಿಸ್ಕಿನ ತಳದಲ್ಲಿದ್ದ ನಂಬರನ್ನು ತಯಾರಕರಿಗೆ ಕಳುಹಿಸುತ್ತಿದ್ದರು.

ಸಂಜೆ 5 ಗಂಟೆಗೆ ಗೇಟಿನ ಕಾವಲುಗಾರ ಗೈಬುಸಾಬನ ವಿಚಾರಣೆ.

"ರವಿವಾರ ಯಾರ ಬಂದಿದ್ರು?"

"ಯಾರೂ ಇಲ್ರಿ. ರಜಿಸ್ಟರ್ ನೋಡ್ರಿ."

"ರಜಿಸ್ಟರ್ ನೋಡೇನಿ. ನೀ ಏನ ನೋಡಿದಿ, ಅದನ್ನ ಹೇಳು."

ಮುದುಕ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಸಿದ್ಧರಾಮ ಬಂದಿದ್ನರಿ, ಮೂರೂ ಮುಕ್ಕಾಲಕ್ಕ. ನಾಕೂವರಿಗೆ ಹೋದ. ಮನಿ ಮಂದಿ ಬಂದದ್ದು ರಜಿಸ್ಟರದಾಗ ಬರೀತಾರೇನ್ರಿ?"

ಈ ಮಾತನ್ನು ಶ್ರೀಶೈಲಪ್ಪನವರ ಮುಂದಿಟ್ಟಾಗ ಅವರು ಸಿಡಿದೆದ್ದರು. ತಿಜೋರಿಯ ಕೀಲಿ ಇರುವುದು ತಮ್ಮ ಬಳಿ ಮತ್ತು ಸಿದ್ಧರಾಮನ ಬಳಿ ಮಾತ್ರ ಎಂದು ಒಪ್ಪಿಕೊಂಡರು. ಆದರೂ ಬಗ್ಗಲಿಲ್ಲ. "ಹನ್ನೆರಡ ವರ್ಷ ಅವನ್ನ ಬಿಟ್ಟು ಊಟಕ್ಕ ಕುಂತವನಲ್ರಿ ನಾ. ಅವನ ಮ್ಯಾಲ ಸಂಶೇ ಪಡೂದಂದ್ರ ನನ್ನ ಬಲಗೈ ಮ್ಯಾಲ ಸಂಶೇ ಪಟ್ಟಂಗ. ಬ್ಯಾರೆ ಯಾರನ್ನರ ಹಿಡೀರಿ." ಬೇಲಿಯೇ ಎದ್ದು ಹೊಲ ಮೇಯ್ದರೆ ರೈತ ಮೊದಲು ದನಗಳನ್ನೇ ಬೈಯುತ್ತಾನೆ.

18ರಂದು ಮಂಗಳವಾರ 11.40ಕ್ಕೆ ತಯಾರಕರ ಉತ್ತರ ಬಂತು. ಆ ನಂಬರಿನ ಡಿಸ್ಕು ಹೋದದ್ದು ಸಿಂದಗಿಯ ಬಾಬುಲಾಲನ ಅಂಗಡಿಗೆ. ಬಾಬುಲಾಲ ಬಿಲ್ಲಿನ ಪುಸ್ತಕ ತೆರೆದು ನೆನಪಿಸಿಕೊಂಡ.

"ಹೌದ್ರಿ, ಹಳೇ ಮಾಡೆಲ್. ಹಿಂತಾದ ಬೇಕು, ಬಣ್ಣಾನೂ ಇದ ಇರ್ಬೇಕಂದ. ನನ್ನ ಕಡೆ ಇರಲಿಲ್ಲ, ವಿಜಯಪುರದಿಂದ ತರಿಸಿದೆ. ಬಂದ ಮ್ಯಾಲ ಫೋನ್ ಮಾಡ್ರಿ ಅಂತ ನಂಬರ ಬರಸಿದ್ದ."

ಕಾಸಿಂಸಾಬ ಆ ನಂಬರಿಗೆ ಅಲ್ಲಿಂದಲೇ ಕರೆ ಮಾಡಿದ. ಎತ್ತಿದ್ದು ಹೆಂಗಸು. "ನಾ ಭಾಗ್ಯಜ್ಯೋತಿ ರೀ. ಅವರು ಮನ್ಯಾಗಿಲ್ಲ. ಕೋಲ್ಡ್ ಸ್ಟೋರೇಜಿಗೆ ಹೋಗ್ಯಾರ. ಪಾಪ, ಅಲ್ಲಿ ಎಲ್ಲಾ ಅಳಿಸಿ ಹೋಗೇತಂತ, ಎರಡ ದಿನಾ ಆತು ಸರಿಯಾಗಿ ಉಂಡಿಲ್ರಿ." ಇವಳು ಸಿದ್ಧರಾಮನ ಹೆಂಡತಿ ಎಂದು ತಿಳಿದ ಕಾಸಿಂಸಾಬ ತಪ್ಪು ನಂಬರು ಎಂದು ಹೇಳಿ ಇಟ್ಟುಬಿಟ್ಟ. ಅಷ್ಟು ಹೇಳುವುದೂ ಅವನಿಗೆ ಕಷ್ಟವಾಯಿತು.

19ರಂದು ಬುಧವಾರ ಬೆಳಿಗ್ಗೆ 6.30. ಸಿಂದಗಿ ಠಾಣೆಗೆ ತಿಳಿಸಿ, ಇಬ್ಬರು ಪಂಚರೊಂದಿಗೆ ಕನ್ನೊಳ್ಳಿಯಲ್ಲಿರುವ ಸಿದ್ಧರಾಮನ ಮನೆ ತಲುಪಿದರು. ಸಿದ್ಧರಾಮ ಅಂಗಳದಲ್ಲಿ ಬೈಕು ಒರೆಸುತ್ತಿದ್ದ. ಜೀಪು ಕಂಡು ಬಟ್ಟೆಯನ್ನು ಮಡಚಿ ಸೀಟಿನ ಮೇಲಿಟ್ಟ.

"ಡಿಸ್ಕ್ ಎಲ್ಲೈತಿ ಸಿದ್ಧರಾಮ?"

ಅವನು ಹೆಂಡತಿಯ ಕಡೆ ನೋಡಲಿಲ್ಲ. "ಜಗಲಿ ಮ್ಯಾಲ ಐತ್ರಿ."

ದೇವರ ಜಗಲಿಯಲ್ಲಿ, ಫೋಟೋಗಳ ಹಿಂದೆ, ಬಿಳಿ ವಸ್ತ್ರದಲ್ಲಿ ಸುತ್ತಿದ ಡಿಸ್ಕು ಸಿಕ್ಕಿತು. ಮೇಲೆ ರುಕ್ಮವ್ವನ ಬೆರಳಿನ ಕುಂಕುಮ ಹಾಗೇ ಇತ್ತು.

"ನೀವು ತಪಾಸ ಸುರು ಮಾಡಿದ ಮ್ಯಾಲ ಅಂಜಿ, ಕಾಲುವೆಗೆ ಒಗೀಬೇಕಂತ ಎರಡ ಸಲ ಹೋಗಿದ್ದೆ," ಎಂದ ಅವನು. "ಪೂಜಿ ಮಾಡಿದ್ದು, ಮತ್ತ ಅಷ್ಟ ಮಂದಿ ಹೆಸರ. ಕೈ ಬರಲಿಲ್ರಿ."

ಜಪ್ತಿ ಪಂಚನಾಮೆ ಮುಗಿದು 7.50ಕ್ಕೆ ಬಂಧನ. ಭಾಗ್ಯಜ್ಯೋತಿ ಬಂಧನದ ತಿಳುವಳಿಕೆ ಪತ್ರಕ್ಕೆ ಸಹಿ ಮಾಡುವಾಗ, "ನನ್ನ ನಂಬರ ಕೊಟ್ಟು ತಂದ್ರಾ?" ಎಂದಷ್ಟೇ ಕೇಳಿದಳು. ಅವನು ಜೀಪಿನ ಕಡೆ ನಡೆದ.

ಈಗ ಇನ್ನೊಂದು ತೊಡಕು. ಜಪ್ತಿಯಾದ ಡಿಸ್ಕು ಮೊಹರಾಗಿ ಪ್ರಯೋಗಾಲಯಕ್ಕೆ ಹೋದರೆ ಮರಳಿ ಬರಲು ತಿಂಗಳುಗಳೇ ಬೇಕು. ಹರಾಜು ನಾಡಿದ್ದು. ವಿಜಯಶ್ರೀ ಅದೇ ಮಧ್ಯಾಹ್ನ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿ ಎರಡು ದಿನದ ಕಸ್ಟಡಿ ಕೇಳಿದರು. ಮೂಲ ಡಿಸ್ಕಿಗೆ ಧಕ್ಕೆಯಾಗದಂತೆ ಪಂಚರ ಎದುರು ಒಂದು ಪ್ರತಿ ತೆಗೆಯಲು ಅನುಮತಿಯನ್ನೂ ಪಡೆದರು.

20ರಂದು ಗುರುವಾರ 11 ಗಂಟೆಗೆ ಕೋಲ್ಡ್ ಸ್ಟೋರೇಜಿನ ಕಚೇರಿಯಲ್ಲಿ ಅಫ್ರೋಜ ಪ್ರತಿಯನ್ನು ಸರ್ವರಿಗೆ ಇಳಿಸತೊಡಗಿದ. ಸಿದ್ಧರಾಮ ಮೂಲೆಯಲ್ಲಿ ಕಾಸಿಂಸಾಬನ ಪಕ್ಕ ಕುಳಿತಿದ್ದ. ಎರಡು ಗಂಟೆಗೆ ಪರದೆಯ ಮೇಲೆ ರೈತರ ಹೆಸರುಗಳು ಬಂದವು, ನಂಬರಿನ ಕಾಲಂ ಮಾತ್ರ ಖಾಲಿ. ಅಫ್ರೋಜ ಅಳಿಸಿ ಮತ್ತೆ ಇಳಿಸಿದ. ಮತ್ತೆ ಅಷ್ಟೇ.

"ಉಲ್ಟಾ ಹಾಕಾಕತ್ತೀರಿ," ಎಂದ ಸಿದ್ಧರಾಮ, ಯಾರೂ ಕೇಳದಿದ್ದರೂ. "ಮೊದಲ ಬಾಕ್ಸಿಂದು ಹಾಕ್ರಿ, ಆಮ್ಯಾಲ ರೈತರದು."

ಹಾಗೆ ಮಾಡಿದಾಗ, ನಾಲ್ಕೂವರೆಗೆ ಎಲ್ಲವೂ ಬಂತು. ದಾವಲಬಿಯ ಹೆಸರಿನ ಮುಂದೆ ಅವಳ ಮುನ್ನೂರು ನಂಬರುಗಳಿದ್ದವು. ಶನಿವಾರ ಸಂಜೆಯವರೆಗಿನ ಒಂದು ಬಾಕ್ಸೂ ತಪ್ಪಿರಲಿಲ್ಲ. ಗೇಟಿನ ಆಚೆ ಜನ ಹೋ ಎಂದರು. ಶ್ರೀಶೈಲಪ್ಪ ಮಾತ್ರ ಮೂಲೆಗೆ ನಡೆದು ನಿಂತರು.

"ಮಗಾ ಅಂತಿದ್ದೆನಲ್ಲೋ ನಿನಗ. ಠಾಣೇಕ ನನ್ನ ತೋಳ ಹಿಡಕೊಂಡು ಬಂದವನೂ ನೀನ. ಯಾಕ ಹಿಂಗ ಮಾಡಿದಿ?"

"ಹತ್ತನೇ ತಾರೀಖ ಸೋಮವಾರ ಪುಣೇದವರ ಹೊಸಾ ಸಾಫ್ಟ್‌ವೇರ್ ತೋರಸಾಕ ರೈತರನ್ನೆಲ್ಲಾ ಕರದಿದ್ರಿ. ಮೈಕ್ ಹಿಡದು ಏನಂದ್ರಿ, ನೆನಪ ಐತಾ?"

ಶ್ರೀಶೈಲಪ್ಪ ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡರು.

"'ಇಷ್ಟ ವರ್ಷ ನಮ್ಮಲ್ಲಿ ವ್ಯವಸ್ಥಾ ಅಂಬೂದ ಇರಲಿಲ್ಲ, ಎಲ್ಲಾ ಅಂದಾಜಿನ ಮ್ಯಾಲ ನಡೀತಿತ್ತು' ಅಂದ್ರಿ. ನಾ ಕಡೀ ಸಾಲಿನ್ಯಾಗ ನಿಂತಿದ್ದೆ. ವ್ಯವಸ್ಥಾ ಇಲ್ಲದಿದ್ರ ಹೆಂಗಿರತೈತಿ ಅಂತ ಒಮ್ಮೆ ತೋರಸ್ಬೇಕನಿಸ್ತು. ಗುರುವಾರ ನಾನ ಹುಡುಕಿ ತಂದಂಗ ಮಾಡಿ ಕೊಡಾವಿದ್ದೆ."

"ಅದು ಭಾಷಣಾದಾಗ ಬಂದ ಮಾತಲೋ. ಏನೋ ಅನ್ಬೇಕಾಗಿತ್ತು, ಅಂದೆ."

"ಹೌದ್ರಿ. ಅಂದ್ರಿ."

ವಿಜಯಶ್ರೀ ಕೇಸ್ ಡೈರಿಯಲ್ಲಿ ಬರೆದರು: ಆರೋಪಿಗೆ ಹಣದ ಆಸೆಯಾಗಲಿ ಹಳೆಯ ದ್ವೇಷವಾಗಲಿ ಕಂಡುಬಂದಿಲ್ಲ. ಹನ್ನೆರಡು ವರ್ಷದ ದುಡಿಮೆಯನ್ನು ನೂರಾರು ಜನರೆದುರು ಇಲ್ಲವೆಂದದ್ದೇ ಕಾರಣ. ನೂರಾರು ಮಂದಿಯ ನಿದ್ದೆಗೆಡಿಸಿದ್ದಕ್ಕೆ ಇದು ಸಮರ್ಥನೆಯಲ್ಲ ಎಂದೂ ಸೇರಿಸಿದರು. ಹಾಗೆ ಬರೆಯುವಾಗ ಅವರಿಗೆ ಇಬ್ಬರ ಮೇಲೂ ಸಿಟ್ಟಿತ್ತು.

ಕೊನೆಗೆ ಉಳಿದದ್ದು ಮಾಲೀಕರ ಪುರವಣಿ ಹೇಳಿಕೆ. ಆರೋಪಿ ಈ ವ್ಯವಸ್ಥೆಯನ್ನು ಒಳಹೊರಗೆ ಬಲ್ಲವನು ಎಂಬುದು ಪ್ರಕರಣಕ್ಕೆ ಬೇಕಾದ ಸಾಕ್ಷ್ಯ. ಕಾಸಿಂಸಾಬ ಪೆನ್ನು ಹಿಡಿದು ಕೇಳಿದ, "ಈ ಕಂಪ್ಯೂಟರ್ ವ್ಯವಸ್ಥಾ ಮೊದಲಿಂದ ಕಟ್ಟಿದವರು ಯಾರ್ರಿ? ಹೆಸರ ಹೇಳ್ರಿ."

ಶ್ರೀಶೈಲಪ್ಪ ಕಿಟಕಿಯಾಚೆ ನೋಡಿದರು. ಸಿದ್ಧರಾಮನನ್ನು ಆಗ ಜೀಪಿಗೆ ಹತ್ತಿಸುತ್ತಿದ್ದರು.

"ಸಿದ್ಧರಾಮ," ಎಂದರು. "ಅವನೊಬ್ಬನ ಕಟ್ಯಾನ್ರಿ. ಬರಕೋರಿ."

ಕಾಸಿಂಸಾಬ ಬರೆದುಕೊಂಡು ಸಹಿಗೆ ಹಾಳೆ ಮುಂದೆ ತಳ್ಳಿದ. ಆ ಮಾತು ಕಾಗದದ ಮೇಲೆ ಬಂದದ್ದು ಅದೇ ಮೊದಲು, ಅದೂ ಅವನನ್ನು ಜೈಲಿಗೆ ಕಳಿಸಲೆಂದು.